ಐದನೆಯ ಕ್ರೇಟು

ಬುಧವಾರ ಬೆಳಿಗ್ಗೆ ರೋವೀನಾ ಲುಕ್ ನನ್ನ ಅಡುಗೆಮನೆಯ ಬಾಗಿಲು ತಟ್ಟದೆಯೇ ಒಳಗೆ ಬಂದಳು. ಬೂಟಿನ ಹಿಮ ಕೊಡವಿ, ಮೇಜಿನ ಮೇಲೆ ಒಂದು ಕಾಗದ ಇಟ್ಟು, "ಇನೆಜ್, ಒಂದೇ ವರ್ಷದಲ್ಲಿ ನಾನು ಭಿಕಾರಿ ಆಗ್ಬಿಟ್ಟೆ ಕಣೇ. ಬ್ಯಾಂಕಿನವ್ರು ಹೇಳಿದ್ಮೇಲೇ ಗೊತ್ತಾಗಿದ್ದು," ಎಂದಳು.

ಅದು 1099 ಫಾರಂ. ಸಂಬಳದ ಪಟ್ಟಿಯಲ್ಲಿಲ್ಲದ ಯಾರಿಗಾದರೂ ವರ್ಷದಲ್ಲಿ ದುಡ್ಡು ಕೊಟ್ಟವರು, ಎಷ್ಟು ಕೊಟ್ಟೆವೆಂದು ಜನವರಿ ಮುಗಿಯುವುದರೊಳಗೆ ಅದರಲ್ಲಿ ಬರೆದು ಪಡೆದವರಿಗೆ ಕಳಿಸಬೇಕು. ಇನ್ನೊಂದು ಪ್ರತಿ ತೆರಿಗೆ ಇಲಾಖೆಗೆ. ಬಾಡಿಗೆಗೆ ಒಂದು ಚೌಕ, ಬಹುಮಾನಕ್ಕೆ ಒಂದು ಚೌಕ, ಮೀನುದೋಣಿಯಲ್ಲಿ ಪಾಲಿಗೆ ದುಡಿಯುವವರಿಗೂ ಒಂದು ಚೌಕ. ನಮ್ಮ ಹ್ಯಾಡ್ಲಾಕ್ ಕೊಲ್ಲಿಯಲ್ಲಿ ಹನ್ನೊಂದು ಲಾಬ್‌ಸ್ಟರ್ ದೋಣಿಗಳಿವೆ. ಹತ್ತು ದೋಣಿಗಳ ಫಾರಂ ಬರೆಯುವವಳು ನಾನು. ಹನ್ನೊಂದನೆಯದು ಆಲ್ಟನ್ ಡನ್‌ಬಾರನದು. ರೋವೀನಾ ಹನ್ನೊಂದು ವರ್ಷದಿಂದ ಆ ದೋಣಿಯ ಹಿಂಬದಿಯಲ್ಲಿ ನಿಂತು ಬೋನುಗಳನ್ನು ಎಳೆಯುತ್ತಾಳೆ, ಎರೆಮೀನು ತುಂಬುತ್ತಾಳೆ, ಲಾಬ್‌ಸ್ಟರುಗಳ ಕೊಂಡಿಗೆ ರಬ್ಬರು ಹಾಕುತ್ತಾಳೆ.

ಮೀನುದೋಣಿಯವರ ಚೌಕದಲ್ಲಿ ಆಲ್ಟನ್ನನ ದಪ್ಪ ಅಕ್ಷರದಲ್ಲಿ 9,482 ಎಂದಿತ್ತು.

"ಹೋದ ವರ್ಷ ಎಷ್ಟಿತ್ತು?" ಎಂದೆ.

"ನಲವತ್ತೊಂದು ಸಾವಿರ. ನಾನು ಲಕೋಟೆ ಒಡೆದೂ ನೋಡ್ದೆ ಬ್ಯಾಂಕಿಗೆ ಕೊಟ್ಟೆ. ನಿನ್ನೆ ಅಲ್ಲಿನ ಥಿಬೊಡೊಮ್ಮ ಫೋನ್ ಮಾಡಿ, 'ನಿಮ್ಮ ಆದಾಯ ಕುಸಿದುಹೋಗಿದೆ, ಸಾಲ ಮಂಜೂರಾಗಲ್ಲ' ಅಂದ್ರು. ಕುಸಿಯಕ್ಕೆ ಅದೇನು ಹಳೇ ದಕ್ಕೆನಾ?"

ಸಾಲ ಗುಡ್ಡದ ಮೇಲಿನ ಮನೆಗೆ. ರೋವೀನಾ ಇಷ್ಟು ವರ್ಷ ಇದ್ದದ್ದು ದಕ್ಕೆಯ ಎರೆಮೀನಿನ ಉಗ್ರಾಣದ ಅಟ್ಟದ ಮೇಲೆ. ಅವಳು ಅಂಗಡಿಗೆ ಬಂದರೆ ಬೆಕ್ಕುಗಳು ಹಿಂದೆ ಬರುತ್ತವೆ ಎಂಬುದು ಊರಿನ ತಮಾಷೆ, ಅದರಲ್ಲಿ ಸುಳ್ಳೇನೂ ಇಲ್ಲ. ಗುಡ್ಡದ ಮನೆಯ ಒಡತಿ ಅವಳಿಗೇ ಕೊಡಬೇಕೆಂದು ಕಾದಿದ್ದಳು. ಆದರೆ ಬೇಸಿಗೆಗೆ ಬಂದುಹೋಗುವವರೊಬ್ಬರು ಪೂರ್ತಿ ನಗದು ಹಿಡಿದು ಕೂತಿದ್ದರು. ಒಡತಿ ಕೊಟ್ಟಿದ್ದ ಗಡುವು ಶುಕ್ರವಾರ ಮಧ್ಯಾಹ್ನ ಹನ್ನೆರಡು ಗಂಟೆ.

ನಾನು ಆ ಅಂಕಿಯನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅದು ಏನೆಂದು ಹೊಳೆದು ನಗು ತಡೆಯಲಾಗಲಿಲ್ಲ.

"ರೋವೀನಾ, ಇದು ಡಾಲರ್ ಅಲ್ಲ ಕಣೆ. ತೂಕ. ಪೌಂಡು."

ಅವಳು ಕಾಗದವನ್ನು ಕಸಿದುಕೊಂಡು ನೋಡಿದಳು. "ಅಯ್ಯೋ ಆ ಮುದುಕನ ಮನೆ ಕಾಯ್ವಾಗ!"

ಬೇರೆ ಊರಿನಲ್ಲಿ ಈ ತಪ್ಪು ಆಗಲಾರದು. ನಮ್ಮಲ್ಲಿ ಈ ವರ್ಷ ಎಷ್ಟಾಯಿತೆಂದು ಯಾರನ್ನು ಕೇಳಿದರೂ ಪೌಂಡಿನಲ್ಲೇ ಹೇಳುತ್ತಾರೆ. ಡಾಲರು ನಮ್ಮ ಮೀನು ಕೊಳ್ಳುವ ಸೊಸೈಟಿಯ ಕರಿಹಲಗೆಯ ಮೇಲೆ ದಿನವೂ ಏರಿಳಿಯುವ ವಸ್ತು, ಅದನ್ನು ಬರೆಯುವವರು ಬೇರೆ ಯಾರೋ. ಪೌಂಡು ತಾವು ಕೈಯಾರೆ ಎಳೆದದ್ದು. ಅದರ ಮೇಲೆ ಆಲ್ಟನ್ ಪಾಲನ್ನು ದುಡ್ಡಿನಲ್ಲಿ ಕೊಡುವವನೇ ಅಲ್ಲ. ಐದು ಕ್ರೇಟು ತುಂಬಿದರೆ ಐದನೆಯದು ರೋವೀನಾಳದು, ಅದನ್ನು ಅವಳೇ ಸೊಸೈಟಿಗೆ ಮಾರಿಕೊಳ್ಳಬೇಕು. ಹಾಗೆ ಕೊಟ್ಟ ಪಾಲಿಗೆ ಆಯಾ ದಿನದ ಬೆಲೆ ಕಟ್ಟಿ ಡಾಲರಿನಲ್ಲಿ ಬರೆಯಬೇಕೆಂದು ಫಾರಮ್ಮಿನ ಬೆನ್ನ ಮೇಲೆಯೇ ಅಚ್ಚಾಗಿದೆ. ಮೂವತ್ತು ವರ್ಷ ಅದನ್ನು ಮಾಡುತ್ತಿದ್ದವಳು ಆಲ್ಟನ್ನನ ಅಕ್ಕ ಲೋಯಿಸ್. ಅವಳು ಕಳೆದ ಬೇಸಿಗೆಯಲ್ಲಿ ಎಪ್ಪತ್ತನಾಲ್ಕನೆಯ ವಯಸ್ಸಿಗೆ ಮದುವೆಯಾಗಿ ಫ್ಲಾರಿಡಾಕ್ಕೆ ಹೋದಳು. ಒಂದು ಫಾರಮ್ಮಿಗೆ ನನಗೆ ಕೂಲಿ ಯಾಕೆ ಕೊಡಬೇಕೆಂದು ಆಲ್ಟನ್ ತಾನೇ ಬರೆದಿದ್ದ.

ಇಬ್ಬರೂ ಅವನು ದೋಣಿಯ ಕೆಲಸ ಮಾಡುವ ಗುಡಿಸಲಿಗೆ ಹೋದೆವು. ದೋಣಿ ಅಂಗಳದಲ್ಲಿ ಆಸರೆಗಳ ಮೇಲೆ ನಿಂತಿತ್ತು. ಒಳಗೆ ಸೌದೆ ಒಲೆ ಉರಿಯುತ್ತಿತ್ತು. ಆಲ್ಟನ್, ಬೋನು ಮುಳುಗಿದ ಜಾಗ ತೋರಿಸಲು ನೀರಿನ ಮೇಲೆ ಬಿಡುವ ತೇಲುಬುರುಡೆಗಳಿಗೆ ಕಿತ್ತಳೆ ಬಣ್ಣ ಬಳಿದು ಸಾಲಾಗಿ ನೇತುಹಾಕುತ್ತಿದ್ದ. ಅವನ ಹುಬ್ಬಿಗೂ ಬಣ್ಣ ತಾಗಿತ್ತು.

"ಬರೆದದ್ದು ಸರಿಯಾಗೇ ಇದೆ," ಎಂದ ಕಾಗದ ನೋಡಿ. "ಎರಡು ಸಲ ಕೂಡಿದ್ದೀನಿ."

"ಆ ಚೌಕದಲ್ಲಿ ಡಾಲರ್ ಗುರುತು ಇದೆಯಲ್ಲ ಆಲ್ಟನ್," ಎಂದೆ.

"ಅದು ಅಚ್ಚಾಗೇ ಬಂದಿತ್ತು. ನಾನು ಹಾಕಿದ್ದಲ್ಲ."

"ಪೌಂಡಿಗೊಂದು ಡಾಲರ್ ಇದ್ದಿದ್ದು ನಿನ್ನ ಬಾಯಲ್ಲಿ ಹಲ್ಲಿದ್ದಾಗ," ಎಂದಳು ರೋವೀನಾ.

"ಹಲ್ಲು ಈಗ್ಲೂ ಇದೆ. ಮನೇಲಿಟ್ಟು ಬಂದಿದ್ದೀನಿ." ಅವನು ಕುಂಚ ಕೆಳಗಿಟ್ಟ. "ಸರಿ, ಡಾಲರಲ್ಲಿ ಎಷ್ಟಾಗತ್ತೋ ಅಷ್ಟು ಹಾಕ್ಕೊಳ್ಳಿ. ಅದಕ್ಕೇನು ಇಬ್ಬಿಬ್ರು ಬರ್ಬೇಕಾ?"

"ಹಾಗೆ ಆಗಲ್ಲ," ಎಂದೆ. "ಆಗಸ್ಟಿನಲ್ಲಿ ಪೌಂಡಿಗೆ ಮೂರು ಅರವತ್ತಿತ್ತು, ಡಿಸೆಂಬರಿನಲ್ಲಿ ಏಳು ಕಾಲು. ದಿನದ ಬೆಲೆ ಸೊಸೈಟಿ ಪುಸ್ತಕದಲ್ಲಿದೆ, ದಿನದ ತೂಕ ನಿನ್ನ ಹತ್ರ. ನಿನ್ನ ಪುಸ್ತಕ ಕೊಡು."

ಆಲ್ಟನ್ನನ ಪುಸ್ತಕವೆಂದರೆ ಉಬ್ಬರವಿಳಿತದ ವೇಳಾಪಟ್ಟಿಯ ಕಿರುಹೊತ್ತಿಗೆ. ಅದರ ಅಂಚುಗಳಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾನೆ. ಅದು ಅವನ ಎದೆಯ ಜೇಬಿನಲ್ಲಿತ್ತು. ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

"ಒಟ್ಟು ಹೇಳಿದ್ನಲ್ಲ. ಪುಸ್ತಕ ಯಾಕೆ?"

"ಒಟ್ಟಿನಿಂದ ಆಗಲ್ಲ ಅಂತ ಈಗಷ್ಟೇ ಹೇಳಿದೆ. ಅವಳು ಮಾರಿದ ಚೀಟಿ ಸಾಲಲ್ಲ, ಫಾರಮ್ಮಿಗೆ ಕೊಟ್ಟವನ ಲೆಕ್ಕವೇ ಬೇಕು."

"ಅದರಲ್ಲಿ ಏನಿಲ್ಲ. ಬರೀ ಅಂಕಿ."

"ನನಗೆ ಬೇಕಾದ್ದೂ ಅಷ್ಟೇ."

ಅವನು ರೋವೀನಾಳ ಕಡೆ ನೋಡಿದ, ಒಲೆಯ ಕಡೆ ನೋಡಿದ. ಒಂದು ಕ್ಷಣ ಪುಸ್ತಕವನ್ನು ಒಲೆಗೇ ಹಾಕುತ್ತಾನೇನೋ ಎನಿಸಿತು.

"ಶುಕ್ರವಾರ ಮಧ್ಯಾಹ್ನ, ಆಲ್ಟನ್," ಎಂದಳು ರೋವೀನಾ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅವನು ಪುಸ್ತಕ ತೆಗೆದು ನನ್ನ ಕೈಗಿಟ್ಟ. "ಕೂಡೋದಷ್ಟೇ ಮಾಡು. ಓದ್ಬೇಡ," ಎಂದ.

ಓದದೆ ಕೂಡುವುದು ನನ್ನಿಂದಾಗದ ಕೆಲಸ. ಇಪ್ಪತ್ತಾರು ವರ್ಷದ ಹಿಂದೆ ನಾನು ಈ ಕೊಲ್ಲಿಗೆ ಬಂದದ್ದೇ ಲಾಬ್‌ಸ್ಟರುಗಳ ಬೆನ್ನಿನ ಉದ್ದ ಅಳೆಯಲು. ವಿಶ್ವವಿದ್ಯಾಲಯದ ಕೆಲಸ, ಮೂರು ಬೇಸಿಗೆಯದು. ಕೆಲಸ ಮುಗಿಯಿತು, ನಾನು ಉಳಿದುಕೊಂಡೆ. ಅಂಕಿಗಳ ಸಾಲು ಕಂಡರೆ ಅದರ ಸರಾಸರಿ ಎಷ್ಟು, ಯಾವುದು ಸಾಲಿನಿಂದ ಹೊರಗೆ ನಿಂತಿದೆ ಎಂದು ನೋಡದೆ ಬಿಡುವ ಅಭ್ಯಾಸ ಆಮೇಲೂ ಬರಲಿಲ್ಲ.

ಗುರುವಾರ ಬೆಳಿಗ್ಗೆ ಮೇಜಿನ ಒಂದು ಕಡೆ ಸೊಸೈಟಿಯ ಬೆಲೆಪುಸ್ತಕ, ಇನ್ನೊಂದು ಕಡೆ ಆಲ್ಟನ್ನನ ಹೊತ್ತಿಗೆ ಇಟ್ಟುಕೊಂಡು ಕೂತೆ. ಒಂದೊಂದು ಸಾಲಿನಲ್ಲಿ ಐದು ತೂಕಗಳು, ಕೊನೆಯದು ರೋವೀನಾಳ ಪಾಲು, ಅದಕ್ಕೆ ಪೆನ್ಸಿಲಿನ ಸುತ್ತು. ಐದು ತುಂಬದ ದಿನ ಕ್ರೇಟುಗಳನ್ನು ನೀರಿನಲ್ಲೇ ತೇಲಿಬಿಟ್ಟು ಮರುದಿನದ ಲೆಕ್ಕಕ್ಕೆ ಸೇರಿಸಿದ್ದ. ಒಟ್ಟು ನೂರ ಒಂದು ಸಾಲು. ಡಾಲರಿಗೆ ತಿರುಗಿಸಿದಾಗ ಬಂದದ್ದು 44,871. ರೋವೀನಾಳ ಸೊಸೈಟಿ ಚೀಟಿಗಳ ಮೊತ್ತವೂ ಡಾಲರಿಗೆ ಡಾಲರು ಅಷ್ಟೇ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು.

ಆದರೆ ಸುತ್ತು ಹಾಕಿದ ಅಂಕಿಗಳು ಕಣ್ಣಿಗೆ ತೊಡಕುತ್ತಿದ್ದವು. 88, 91, 87, 90, ಸುತ್ತಿನಲ್ಲಿ 95. 89, 86, 90, 92, ಸುತ್ತಿನಲ್ಲಿ 94. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಎಣಿಸಿದೆ. ಐದರಲ್ಲಿ ಅತಿ ಭಾರದ ಕ್ರೇಟು ಯಾವುದೆಂದು ಯಾರೂ ನೋಡದೆ ಜೋಡಿಸಿದ್ದರೆ, ಅದು ಐದನೆಯ ಜಾಗಕ್ಕೆ ಬರಬೇಕಾದದ್ದು ಸುಮಾರು ಇಪ್ಪತ್ತು ಸಲ. ಬಂದಿದ್ದು ತೊಂಬತ್ತೇಳು ಸಲ. ಉಳಿದ ನಾಲ್ಕು ಸಲವೂ ಅದು ಎರಡನೆಯ ಭಾರದ್ದು, ಅರ್ಧ ಪೌಂಡಿನ ಅಂತರದಲ್ಲಿ. ತಕ್ಕಡಿಗಿಡುವ ಮುಂಚೆ ಬರೀ ಕೈಯಲ್ಲಿ ಎತ್ತಿ ಅಂದಾಜು ಮಾಡುವವನಿಗೆ ನೂರ ಒಂದರಲ್ಲಿ ನಾಲ್ಕೇ ತಪ್ಪು. ನಮ್ಮ ಪ್ರಯೋಗಶಾಲೆಯಲ್ಲಿ ಇದಕ್ಕಿಂತ ಕೆಟ್ಟ ತಕ್ಕಡಿಗಳಿದ್ದವು.

ಹೀಗೆ ವರ್ಷಕ್ಕೆ ಐದರಲ್ಲೊಂದು ಪಾಲಿಗಿಂತ ಮುನ್ನೂರ ಎಂಬತ್ತಾರು ಪೌಂಡು ಹೆಚ್ಚು ರೋವೀನಾಳ ಕಡೆ ಹೋಗಿತ್ತು.

ಇದನ್ನು ಬೇರೆ ಯಾರು ಮಾಡಿದ್ದರೂ ನಾನು ನಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಸೊಸೈಟಿಯಲ್ಲಿ ಕ್ಯಾಪ್ಟನ್ನರೆಲ್ಲ ಕೂಡಿ, ದೋಣಿಯ ಹಿಂಬದಿಯಲ್ಲಿ ದುಡಿಯುವ ಆಳಿನ ಪಾಲು ಐದರಲ್ಲೊಂದು, ಯಾರೂ ಏರಿಸಕೂಡದು ಎಂದು ಮಾತಾಡಿಕೊಂಡರು. ಒಬ್ಬ ಏರಿಸಿದರೆ ಎಲ್ಲರ ಆಳುಗಳೂ ಕೇಳುತ್ತಾರೆ ಎಂಬ ಭಯ. ಅವತ್ತು ಮೇಜು ಗುದ್ದಿ, "ಐದರಲ್ಲೊಂದು! ಅದರ ಮೇಲೆ ಒಂದು ಕೊಂಡಿನೂ ಇಲ್ಲ!" ಎಂದು ಕೂಗಿದವನು ಆಲ್ಟನ್.

ತಿದ್ದಿದ ಫಾರಮ್ಮಿಗೆ ಹೊಸ ಹಾಳೆಯೇ ಬೇಕು. ಮೇಲ್ಗಡೆ 'ತಿದ್ದುಪಡಿ' ಎಂಬ ಚೌಕಕ್ಕೆ ಗುರುತು ಹಾಕಿ, ಸರಿಯಾದ ಮೊತ್ತ ಬರೆದೆ. ಜೊತೆಗೆ ಹೋಗುವ ಮುಖಪತ್ರವನ್ನೂ ತುಂಬಿದೆ. ಅದಕ್ಕೆ ಕೊಟ್ಟವನ ರುಜು ಬೇಕು. ಬ್ಯಾಂಕಿನವರಿಗೆ ಅನುಮಾನ ಉಳಿಯಬಾರದೆಂದು ಐದೂ ಕ್ರೇಟುಗಳ ತೂಕ, ಆ ದಿನದ ಬೆಲೆ ಎಲ್ಲವನ್ನೂ ಅಚ್ಚುಕಟ್ಟಾಗಿ ನಕಲು ಮಾಡಿ ರೋವೀನಾ ಅಲ್ಲಿಗೆ ಒಯ್ಯುವ ಪ್ರತಿಗೆ ಲಗತ್ತಿಸಿದೆ. ಆಮೇಲೆ ಗುಡಿಸಲಿಗೆ ಹೋದೆ.

ನನ್ನ ಮುಖ ನೋಡಿದೊಡನೆ ಆಲ್ಟನ್ ಕುಂಚವನ್ನು ಡಬ್ಬಕ್ಕೆ ಎಸೆದ. "ಓದಿದ್ಯಾ."

"ಓದಿದೆ."

"ನಿನ್ನ ವಿಜ್ಞಾನಕ್ಕೆ ಬೆಂಕಿ ಹಾಕ. ಈಗ ಏನ್ಮಾಡೋದು? ಒಂದು ಕೆಲ್ಸ ಮಾಡು ಇನೆಜ್, ಸರಿಯಾಗಿ ಐದರಲ್ಲೊಂದಕ್ಕೆ ಎಷ್ಟಾಗತ್ತೋ ಅಷ್ಟೇ ಬರಿ. ಮಿಕ್ಕಿದ್ದು ಉಡುಗೊರೆ ಅಂತಿರ್ಲಿ."

"ದುಡಿದವಳಿಗೆ ದುಡಿದದ್ದಕ್ಕೆ ಕೊಟ್ಟದ್ದು ಉಡುಗೊರೆ ಆಗಲ್ಲ. ಅವಳು ಏನು ಪಡೆದಳೋ ಅದನ್ನೇ ಬರೀಬೇಕು. ಅವಳ ಚೀಟಿಗೂ ನಿನ್ನ ಫಾರಮ್ಮಿಗೂ ತಾಳೆ ಬೀಳದಿದ್ರೆ ಬ್ಯಾಂಕು ಮತ್ತೆ ಬಾಗಿಲು ಹಾಕತ್ತೆ."

"ಬೇರೆ ಕ್ಯಾಪ್ಟನ್ನರು ಹಾಳಾಗ್ಲಿ, ಆ ಲೀಮನ್ ಕ್ರೌಲಿಗೆ ಗೊತ್ತಾದ್ರೆ ಸಾಯೋವರೆಗೂ ನನ್ನ ಬಿಡಲ್ಲ."

"ಇದು ಲೀಮನ್‌ಗೆ ಹೋಗಲ್ಲ. ಒಂದು ಪ್ರತಿ ಇಲಾಖೆಗೆ, ಒಂದು ರೋವೀನಾಗೆ, ಒಂದು ನಿನಗೆ."

"ರೋವೀನಾಗೂ ಗೊತ್ತಾಗ್ಬಾರ್ದು!"

"ಏನು ಗೊತ್ತಾಗ್ಬಾರ್ದು?" ರೋವೀನಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬೆಲ್ಲದ ಡೋನಟ್ಟಿನ ಪೊಟ್ಟಣ. "ಭಾರದ ಕ್ರೇಟು ನನಗೆ ತಳ್ತೀಯ ಅಂತಾನಾ?"

ಒಲೆಯೊಳಗೆ ಸೌದೆ ಸಿಡಿಯಿತು. ಆಲ್ಟನ್ ನೇತುಹಾಕಿದ್ದ ಒಂದು ತೇಲುಬುರುಡೆಯ ಹಿಂದೆ ಮುಖ ಮರೆಮಾಡಿಕೊಂಡ.

"ಕ್ರೇಟು ತುಂಬೋಳು ನಾನೇ ಅಲ್ವಾ ಮುದುಕಪ್ಪಾ," ಎಂದಳು ಅವಳು. "ಯಾವುದರಲ್ಲಿ ಎಷ್ಟಿದೆ ಅಂತ ನನಗೆ ಗೊತ್ತಾಗಲ್ವಾ? ನೀನು ಬೆನ್ನು ನೋವು ಅಂತ ನರಳ್ತಾ ಐದೂ ಎತ್ತಿ ಎತ್ತಿ ನೋಡೋದು, ಆಮೇಲೆ 'ಯಾವುದಾದ್ರೇನು, ಇದು ತಗೋ' ಅನ್ನೋದು. ಏಳು ವರ್ಷದಿಂದ ನೋಡ್ತಾ ಇದ್ದೀನಿ."

"ಒಂಬತ್ತು," ಎಂದ ಆಲ್ಟನ್ ಬುರುಡೆಯ ಹಿಂದಿನಿಂದ.

"ನೋಡು, ನಿನ್ನ ಕಳ್ಳತನ ಎರಡು ವರ್ಷ ನನಗೂ ಗೊತ್ತಾಗಿರ್ಲಿಲ್ಲ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀನು ನಿಲ್ಲಿಸ್ತಿದ್ದೆ."

ಅವನು ನಕ್ಕ. ಹಲ್ಲು ಆವತ್ತೂ ಮನೆಯಲ್ಲೇ ಇತ್ತು. ನಾನು ಮುಖಪತ್ರವನ್ನು ಅವನ ಮುಂದೆ ಹಿಡಿದೆ. ಆಲ್ಟನ್ ಕನ್ನಡಕ ಏರಿಸಿಕೊಂಡು ರುಜುವಿನ ಮೇಲಿನ ಸಾಲುಗಳನ್ನು ಬೆರಳಿಟ್ಟು ಓದಿದ: ನನಗೆ ತಿಳಿದಮಟ್ಟಿಗೆ ಇದು ನಿಜ, ಸರಿ ಮತ್ತು ಪೂರ್ಣ. "ಪೂರ್ಣ," ಎಂದು ಇನ್ನೊಂದು ಸಲ ಓದಿದ. ಹೆಬ್ಬೆರಳಿನ ಕಿತ್ತಳೆ ಬಣ್ಣ ಒರೆಸಿಕೊಂಡು ರುಜು ಹಾಕಿದ. "ಯಾರಾದ್ರೂ ಕೇಳಿದ್ರೆ ಐದರಲ್ಲೊಂದು. ಕೇಳಿಸ್ತಾ ಇಬ್ರಿಗೂ?"

ಕೇಳಿಸಿತು ಎಂದೆವು.

ಶುಕ್ರವಾರ ಎಂಟಕ್ಕೇ ರೋವೀನಾ ತನ್ನ ಪ್ರತಿ ಹಿಡಿದು ಪಟ್ಟಣದ ಬ್ಯಾಂಕಿಗೆ ಹೊರಟಳು. ನಾನು ಇಲಾಖೆಯ ಪ್ರತಿಯನ್ನು ಅಂಚೆಗೆ ಹಾಕಿ ಸೊಸೈಟಿಗೆ ಹೋದೆ. ಜನವರಿಯಲ್ಲಿ ಕ್ಯಾಪ್ಟನ್ನರಿಗೆ ಅಲ್ಲಿ ಕಾಫಿ ಕುಡಿಯುವುದೇ ಉದ್ಯೋಗ. ಅವತ್ತು ಒಂಬತ್ತು ಮಂದಿ ಇದ್ದರು. ಆಲ್ಟನ್ ಕಿಟಕಿಯ ಪಕ್ಕ, ಎದುರಿಗೆ ಲೀಮನ್ ಕ್ರೌಲಿ. ನಲವತ್ತು ವರ್ಷದಿಂದ ಇಬ್ಬರೂ ಜಗಳವಾಡಲೆಂದೇ ಎದುರುಬದುರು ಕೂರುತ್ತಾರೆ.

ಹತ್ತೂವರೆಗೆ ಗೋಡೆಯ ಫೋನು ರಿಂಗಾಯಿತು. ಬ್ಯಾಂಕಿನ ಥಿಬೊಡೊಮ್ಮ, ಆಲ್ಟನ್ ಡನ್‌ಬಾರ್ ಬೇಕು ಎಂದರು. ಆಲ್ಟನ್ನನಿಗೆ ಎಂಜಿನ್ನಿನ ಪಕ್ಕ ನಿಂತೂ ನಿಂತೂ ಕಿವಿ ಮಂದ. ಅದಕ್ಕಾಗಿ ಆ ಫೋನಿನ ದನಿಯನ್ನು ತಾರಕಕ್ಕೆ ಏರಿಸಿಟ್ಟಿದ್ದರು. ಆಕೆ ಹೇಳಿದ್ದೆಲ್ಲ ಕಾಫಿ ಮೇಜಿನವರೆಗೂ ಕೇಳುತ್ತಿತ್ತು.

"ಡನ್‌ಬಾರ್ ಅವರೇ, ತಿದ್ದಿದ ಫಾರಂ ಬಂದಿದೆ. ಜೊತೆಗಿರುವ ತೂಕದ ಪಟ್ಟಿಯನ್ನೂ ನೋಡಿದೆ. ಒಂದೇ ಒಂದು ಸಂದೇಹ. ನಿಮ್ಮ ದೋಣಿಯ ಒಟ್ಟು ನಲವತ್ತೈದು ಸಾವಿರದ ನಾನೂರ ಎಪ್ಪತ್ತೆಂಟು ಪೌಂಡು. ನಿಮ್ಮ ಕೊಲ್ಲಿಯಲ್ಲಿ ಐದರಲ್ಲೊಂದು ಪದ್ಧತಿ ಅಂತ ನಮಗೆ ಗೊತ್ತು. ಹಾಗೆ ನೋಡಿದರೆ ಇಲ್ಲಿ ಸುಮಾರು ನಾನೂರು ಪೌಂಡು ಹೆಚ್ಚಾಗಿದೆ. ಮೊದಲನೇ ಫಾರಂ ತಪ್ಪಿತ್ತು. ಇದೂ ತಪ್ಪಾ?"

ಆ ಪಟ್ಟಿ ಲಗತ್ತಿಸಿದವಳು ನಾನೇ. ಒಂದು ಅಂಕಿಯೂ ಬಿಡದ ನನ್ನ ಅಚ್ಚುಕಟ್ಟು.

ಆಲ್ಟನ್ ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಎರೆಮೀನಿಗಿಂತ ಹೆಚ್ಚಿನ ಬೆಲೆ ನನಗಿರಲಿಲ್ಲ. ಎಂಟು ಜನ ಲೋಟಗಳನ್ನು ಗಾಳಿಯಲ್ಲೇ ಹಿಡಿದು ಕೂತಿದ್ದರು. ತಪ್ಪು ಎಂದು ಒಂದು ಮಾತು ಹೇಳಿದರೆ ಅವನ ಮಾನ ಉಳಿಯುತ್ತಿತ್ತು. ಗುಡ್ಡದ ಮನೆ ಹನ್ನೆರಡು ಗಂಟೆಗೆ ಹೋಗುತ್ತಿತ್ತು.

"ಹಲೋ?" ಎಂದರು ಥಿಬೊಡೊಮ್ಮ.

"ತಪ್ಪಿಲ್ಲ," ಎಂದ ಆಲ್ಟನ್. ಆಮೇಲೆ, ಆಕೆಯೂ ಕಿವುಡಿಯೇನೋ ಎಂಬಂತೆ, "ತಪ್ಪಿಲ್ಲ ಅಂದೆ! ನಾನು ಐದರಲ್ಲೊಂದಕ್ಕಿಂತ ಜಾಸ್ತೀನೇ ಕೊಡೋದು! ಒಂಬತ್ತು ವರ್ಷದಿಂದ! ಮುಂದೂ ಕೊಡ್ತೀನಿ! ಬರ್ಕೊಳಿ!" ಎಂದು ಕೂಗಿದ.

"ಬರೆದುಕೊಂಡೆ," ಎಂದರು ಥಿಬೊಡೊಮ್ಮ. "ಇಷ್ಟು ಸಾಕು."

ಆಲ್ಟನ್ ಫೋನು ಇಟ್ಟು ಗೋಡೆಯ ಕಡೆಗೇ ತಿರುಗಿ ನಿಂತ. ಲೀಮನ್ ನಿಧಾನವಾಗಿ ಲೋಟ ಕೆಳಗಿಟ್ಟ.

"ಆವತ್ತು ಈ ಮೇಜು ಗುದ್ದಿದ್ದು ನೀನೇ ಅಲ್ವೇನೋ?"

"ನಾನೇ. ಈಗೇನು, ಮೇಜು ದೂರು ಕೊಟ್ಟಿದ್ಯಾ?"

"ಒಂದು ಕೊಂಡಿನೂ ಹೆಚ್ಚಿಲ್ಲ ಅಂದ್ಯಲ್ಲೋ ಹಲ್ಲಿಲ್ಲದೋನೆ! ಅದನ್ನ ನಂಬ್ಕೊಂಡು ನಾನು ಎರಡು ವರ್ಷದಿಂದ ಕದ್ದು ಕದ್ದು ಸಾಗಿಸ್ತಾ ಇದ್ದೀನಿ!"

"ಏನು ಸಾಗಿಸ್ತಾ ಇದ್ದೀಯ?"

ಬಾಯಿ ತಪ್ಪಿ ಆಡಿದ್ದು ಲೀಮನ್‌ಗೇ ಆಮೇಲೆ ಗೊತ್ತಾಯಿತು. "ಸೌದೆ," ಎಂದ ತಗ್ಗಿದ ದನಿಯಲ್ಲಿ. "ನಮ್ಮ ದೋಣಿ ಆಳು ಕೆಂಟ್‌ಗೆ. ಚಳಿಗಾಲಕ್ಕಾಗುವಷ್ಟು ಪೂರ್ತಿ, ಕಡಿದು ಒಟ್ಟಿಕೊಟ್ಟು. ಯಾರಾದ್ರೂ ಕೇಳಿದ್ರೆ ಬಿರುಗಾಳಿಗೆ ಮರ ಬಿತ್ತು ಅನ್ನು ಅಂತ ಹೇಳಿದ್ದೀನಿ."

"ಓ, ಅದಕ್ಕಾ ನಿಮ್ಮ ಕೇರಿಲಿ ಮಾತ್ರ ಅಷ್ಟೊಂದು ಬಿರುಗಾಳಿ!" ಎಂದ ಮೂಲೆಯಲ್ಲಿ ಕೂತಿದ್ದ ಒಬ್ಬ. ನಗು ಹತ್ತಿಕೊಂಡಿತು. ನಗುತ್ತಲೇ ಅವನು, ತಾನು ಆಳಿನ ಪಾಲಿನಿಂದ ಎರೆಮೀನಿನ ಖರ್ಚು ಹಿಡಿಯುವುದನ್ನು ಯಾವಾಗಲೋ ಬಿಟ್ಟೆನೆಂದು ಒಪ್ಪಿಕೊಂಡ. ಇನ್ನೊಬ್ಬ ಆಳಿನ ಗಾಡಿಗೆ ಪೆಟ್ರೋಲು ಹಾಕಿಸುತ್ತಿದ್ದ. ಮತ್ತೊಬ್ಬ ಭಾನುವಾರದ ಮೀನಿನಲ್ಲಿ ಅರ್ಧ ಕೊಡುತ್ತಿದ್ದ, ಭಾನುವಾರ ಲೆಕ್ಕಕ್ಕಿಲ್ಲ ಎಂಬ ನಂಬಿಕೆಯಲ್ಲಿ. ಒಂಬತ್ತು ಮಂದಿಯಲ್ಲಿ ಆ ನಿಯಮವನ್ನು ಪಾಲಿಸಿದವನು ಒಬ್ಬನೂ ಇರಲಿಲ್ಲ. ಎಲ್ಲರೂ ಉಳಿದ ಎಂಟು ಮಂದಿಗೆ ಹೆದರಿಕೊಂಡಿದ್ದರು.

ಮತ್ತೆ ಫೋನು ರಿಂಗಾಯಿತು. ಈ ಸಲ ನಾನೇ ಎತ್ತಿದೆ. "ಮನೆ ನಂದು!" ಎಂದು ರೋವೀನಾ ಕಿರುಚಿದ್ದು ಇಡೀ ಸೊಸೈಟಿಗೆ ಕೇಳಿಸಿತು. "ಹನ್ನೊಂದು ಇಪ್ಪತ್ತಕ್ಕೆ! ನಲವತ್ತು ನಿಮಿಷ ಮಿಕ್ಕಿತ್ತು! ಆ ಮುದುಕನಿಗೆ ಹೇಳು, ನಾನು ಅವನ ಬೋಳುತಲೆಗೆ ಮುತ್ತು ಕೊಡ್ತೀನಿ ಅಂತ!"

"ಬೇಡ ಅನ್ನು!" ಎಂದು ಆಲ್ಟನ್ ಕೂಗಿದ. ಯಾರೋ ಅವನ ಟೋಪಿ ಕಿತ್ತು ಮೇಲಕ್ಕೆ ಎಸೆದರು. ಇನ್ಯಾರೋ ಕಾಫಿಗೆ ಬೇರೇನನ್ನೋ ಬೆರೆಸತೊಡಗಿದರು.

ಗದ್ದಲ ಸ್ವಲ್ಪ ತಗ್ಗಿದ ಮೇಲೆ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ಕಾರಣ ನನಗೂ ಅದೇ ಹೊತ್ತಿಗೆ ಹೊಳೆದಿತ್ತು. ಇವರ ಬಾಯಿಮಾತು ನಂಬಿ, ಐದರಲ್ಲೊಂದೆಂದು ಕೊನೆಯ ಸೆಂಟಿನವರೆಗೂ ಲೆಕ್ಕ ಹಾಕಿ, ಎಂಟು ಫಾರಂಗಳನ್ನು ಬರೆದು ಕಳಿಸಿದವಳು ನಾನು. ಇಷ್ಟು ವರ್ಷದಲ್ಲಿ ನಾನು ಬರೆದ ಫಾರಮ್ಮಿಗೆ ಒಂದೇ ಒಂದು ತಿದ್ದುಪಡಿ ಹೋಗಿರಲಿಲ್ಲ. ಬೇಸರವಾಗಬೇಕಿತ್ತು. ಆದರೆ ಕೈ ಆಗಲೇ ಚೀಲದೊಳಗೆ ಪೆನ್ಸಿಲು ಹುಡುಕುತ್ತಿತ್ತು.

"ಒಬ್ಬೊಬ್ಬರಾಗಿ ಬನ್ನಿ," ಎಂದೆ. "ಏನು ಕೊಟ್ಟಿರಿ, ಯಾವಾಗ ಕೊಟ್ಟಿರಿ, ಆಗ ಅದರ ಬೆಲೆ ಎಷ್ಟಿತ್ತು."

ಲೀಮನ್ ಟೋಪಿ ತೆಗೆದು, ಪಾಠ ಒಪ್ಪಿಸಲು ಬಂದವನ ಹಾಗೆ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತ.

"ಸೌದೆಗೆ," ಎಂದ, "ಯಾವ ಚೌಕ ಬರತ್ತೆ?"